ಶೋಹರತ್ ಬೇರೆ, ಅಸರ್ ಬೇರೆ

ಕಳೆದ ತಿಂಗಳು ನಮ್ಮ ಕಾಲೇಜಿನ ಚರ್ಚಾ ಸ್ಪರ್ಧೆಗೆ ಕೊಟ್ಟ ವಿಷಯ "ಜಗತ್ತಿನ ಅತ್ಯಂತ ಪ್ರಭಾವಶಾಲಿ ಸಂಗೀತಗಾರ ಯಾರು?" ಸ್ಪರ್ಧೆ ಮುಗಿದು ಬಹುಮಾನ ಹಂಚಿದ್ದಾಯಿತು, ವಾದ ಮಾತ್ರ ಇನ್ನೂ ಮುಗಿದಿಲ್ಲ. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಲೈಬ್ರರಿಯ ಮೆಟ್ಟಿಲ ಮೇಲೆ ಅದೇ ಮಾತು. ಸೈನ್ಸ್‌ನವರು ಬಿಟಿಎಸ್ ಅನ್ನುತ್ತಾರೆ, ನಮ್ಮ ಕಾಮರ್ಸ್‌ನವರು ಮೈಕಲ್ ಜಾಕ್ಸನ್ ಅನ್ನುತ್ತಾರೆ, ಆರ್ಟ್ಸ್‌ನವರು ಎ. ಆರ್. ರೆಹಮಾನ್ ಅನ್ನುತ್ತಾರೆ. ನಡುವೆ ಯಾರೋ ಒಬ್ಬರು ಮೊಹಮ್ಮದ್ ರಫಿ ಎಂದರೆ ಇನ್ನೊಬ್ಬರು ನುಸ್ರತ್ ಫತೇಹ್ ಅಲಿ ಖಾನ್ ಎನ್ನುತ್ತಾರೆ.

ಯಾರ ಹೆಸರು ಹೇಳಿದರೂ ಎಲ್ಲರೂ ಕೊಡುವ ಆಧಾರ ಒಂದೇ: ಎಷ್ಟು ಕೋಟಿ ವ್ಯೂಸ್, ಎಷ್ಟು ಪ್ರಶಸ್ತಿ, ಎಷ್ಟು ಜನ ಸ್ಟೇಡಿಯಂನಲ್ಲಿ ಸೇರಿದ್ದರು. ನನ್ನ ತಕರಾರು ಹೆಸರುಗಳ ಬಗ್ಗೆ ಅಲ್ಲ, ಈ ಆಧಾರದ ಬಗ್ಗೆ. ಪ್ರಶ್ನೆ ಕೇಳಿದ್ದು ಪ್ರಭಾವದ ಬಗ್ಗೆ, ನಾವೆಲ್ಲ ಉತ್ತರ ಕೊಟ್ಟಿದ್ದು ಖ್ಯಾತಿಯ ಬಗ್ಗೆ.

ನಮ್ಮ ಮನೆಯಲ್ಲಿ ಮಾತಾಡುವ ಉರ್ದುವಿನಲ್ಲಿ ಇವೆರಡಕ್ಕೂ ಎರಡು ಪದಗಳಿವೆ. ಖ್ಯಾತಿಗೆ ಶೋಹರತ್, ಪ್ರಭಾವಕ್ಕೆ ಅಸರ್. ಅಸರ್ ಎಂಬ ಪದವನ್ನು ಅಮ್ಮಿ ದಿನಕ್ಕೆ ನಾಲ್ಕು ಸಲ ಬಳಸುತ್ತಾರೆ, ಅದೂ ಹೆಚ್ಚಾಗಿ ಔಷಧಿಯ ವಿಷಯಕ್ಕೆ. "ದವಾ ಕಾ ಅಸರ್ ಹುವಾ?" ಅಂದರೆ ಮದ್ದು ಹಿಡಿಯಿತಾ? ಮದ್ದು ಹಿಡಿಯಿತೋ ಇಲ್ಲವೋ ಎಂದು ತಿಳಿಯಲು ನಾವು ಮೆಡಿಕಲ್ ಶಾಪಿಗೆ ಹೋಗಿ ಎಷ್ಟು ಬಾಟಲಿ ಮಾರಾಟವಾಯಿತು ಎಂದು ಕೇಳುವುದಿಲ್ಲ. ಕುಡಿದವನ ಮೈ ಮುಟ್ಟಿ ನೋಡುತ್ತೇವೆ. ಸಂಗೀತಗಾರರ ಪ್ರಭಾವವನ್ನೂ ಹಾಗೆಯೇ ನೋಡಬೇಕು ಎಂಬುದು ನನ್ನ ವಾದ. ಎಷ್ಟು ಜನ ಕೇಳಿದರು ಎಂಬುದು ಶೋಹರತ್. ಕೇಳಿದ ಮೇಲೆ ಏನು ಬದಲಾಯಿತು ಎಂಬುದು ಅಸರ್.

ಇದನ್ನು ಪರೀಕ್ಷಿಸಲು ಮೂರು ಪ್ರಶ್ನೆ ಸಾಕು. ಒಂದು, ಇವರು ಬರುವ ಮೊದಲು ಹಾಡುವ ರೀತಿ ಹೇಗಿತ್ತು, ಬಂದ ಮೇಲೆ ಹೇಗಾಯಿತು? ಎರಡು, ಇವರನ್ನು ಕೇಳಿ ಇನ್ನೊಬ್ಬರು ಸಂಗೀತಗಾರರಾದರೇ? ಮೂರು, ಇವರ ಹೆಸರೇ ಗೊತ್ತಿಲ್ಲದವರು ಕೂಡ ಇವರು ಹಾಕಿದ ದಾರಿಯಲ್ಲಿ ನಡೆಯುತ್ತಿದ್ದಾರೆಯೇ? ಮೂರನೆಯದೇ ಬಹಳ ಕಷ್ಟದ ಪರೀಕ್ಷೆ. ಹೆಸರು ಮರೆತ ಮೇಲೂ ಉಳಿದರೆ ಅದು ನಿಜವಾದ ಅಸರ್.

ಮೊದಲು ಎಲ್ಲರೂ ಹೇಳುವ ಹೆಸರುಗಳನ್ನೇ ಈ ಪರೀಕ್ಷೆಗೆ ಕೂರಿಸೋಣ. ಮೈಕಲ್ ಜಾಕ್ಸನ್ ಪಾಸಾಗುತ್ತಾರೆ. ಆದರೆ ಪಾಸಾಗುವುದು 1982ರ 'ಥ್ರಿಲ್ಲರ್' ಆಲ್ಬಂ ಎಷ್ಟು ಮಾರಾಟವಾಯಿತು ಎಂಬುದಕ್ಕಲ್ಲ. ಹಾಡಿನ ವಿಡಿಯೋವನ್ನು ಒಂದು ಸಣ್ಣ ಸಿನಿಮಾದಂತೆ ಮಾಡಿ, ಹಾಡು ಮತ್ತು ನೃತ್ಯವನ್ನು ಬೇರ್ಪಡಿಸಲಾಗದಂತೆ ಸೇರಿಸಿದ್ದಕ್ಕೆ. ಇಂದು ಬಿಟಿಎಸ್ ಹುಡುಗರು ಸಾಲಾಗಿ ನಿಂತು ಹೆಜ್ಜೆ ಹಾಕುವಾಗ ಆ ದಾರಿ ಕಾಣುತ್ತದೆ. ಬೀಟಲ್ಸ್ ಕೂಡ ಪಾಸಾಗುತ್ತಾರೆ. ತಮ್ಮ ಹಾಡನ್ನು ತಾವೇ ಬರೆದು, ಸ್ಟುಡಿಯೋವನ್ನೇ ಒಂದು ವಾದ್ಯದಂತೆ ಬಳಸುವುದನ್ನು ಮುಂದಿನ ಬ್ಯಾಂಡ್‌ಗಳಿಗೆ ತೋರಿಸಿದವರು ಅವರು. ಅವರಲ್ಲೊಬ್ಬರಾದ ಜಾರ್ಜ್ ಹ್ಯಾರಿಸನ್ ನಮ್ಮ ರವಿಶಂಕರ್ ಅವರಲ್ಲಿ ಸಿತಾರ್ ಕಲಿತರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಪ್ರಭಾವ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ರೆಹಮಾನ್ 1992ರ 'ರೋಜಾ' ಚಿತ್ರದಿಂದಲೇ ಸಿನಿಮಾ ಸಂಗೀತದ ಸದ್ದನ್ನು ಬದಲಿಸಿದರು. ಇಂದು ಮನೆಯ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಒಂದರ ಮೇಲೊಂದು ಟ್ರ್ಯಾಕ್ ಸೇರಿಸಿ ಹಾಡು ಮಾಡುವ ಎಷ್ಟೋ ಹುಡುಗರಿಗೆ ಧೈರ್ಯ ಬಂದದ್ದು ಅವರನ್ನು ನೋಡಿ.

ರಫಿ ಸಾಹೇಬರ ಅಸರ್ ಇನ್ನೊಂದು ರೀತಿಯದು. 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಅವರು ಕನ್ನಡದಲ್ಲೂ ಹಾಡಿದ್ದಾರೆ ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರ ಹಾಡುಗಳನ್ನು ಹಾಡಿಯೇ ಮೊದಲು ಗುರುತಿಸಿಕೊಂಡ ಸೋನು ನಿಗಮ್ 2006ರಲ್ಲಿ 'ಮುಂಗಾರು ಮಳೆ'ಗೆ ಹಾಡಿದರು. ಆ ಹಾಡನ್ನು ಗುನುಗುವ ನಮ್ಮ ಸಹಪಾಠಿಗೆ ರಫಿ ಗೊತ್ತಿಲ್ಲದಿರಬಹುದು, ಆದರೆ ರಫಿಯ ಗುಟುಕೊಂದು ಅವನ ಗಂಟಲಿಗೆ ಇಳಿದಾಗಿದೆ.

ಅಸರ್ ಎಂದರೇನು ಎಂಬುದಕ್ಕೆ ಸಂಗೀತದ ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. ತಿಲಾವತ್ ಸಂಗೀತವಲ್ಲ, ಅದನ್ನು ಈ ಪಟ್ಟಿಗೆ ಸೇರಿಸುತ್ತಲೂ ಇಲ್ಲ. ಆದರೆ ಈಜಿಪ್ಟಿನ ಖಾರಿ ಅಬ್ದುಲ್ ಬಾಸಿತ್ ಅವರ ಕ್ಯಾಸೆಟ್‌ಗಳು ನಮ್ಮ ಎಷ್ಟು ಮನೆಗಳಲ್ಲಿ ಇದ್ದವು ಎಂದು ಹಿರಿಯರನ್ನು ಕೇಳಿ. ಅವರು 1988ರಲ್ಲೇ ತೀರಿಕೊಂಡರು. ಇಂದಿಗೂ ಕಿರಾಅತ್ ಸ್ಪರ್ಧೆಯಲ್ಲಿ ಯಾವುದಾದರೂ ಹುಡುಗ ಒಂದೇ ಉಸಿರಿನಲ್ಲಿ ಉದ್ದಕ್ಕೆ ಓದಿದರೆ ಆ ಉಸಿರನ್ನು ಅವನಿಗೆ ಕಲಿಸಿದ್ದು ಯಾರು ಎಂದು ಸಭೆಯಲ್ಲಿ ಕೂತ ಹಿರಿಯರಿಗೆ ತಕ್ಷಣ ಗೊತ್ತಾಗುತ್ತದೆ.

ಈಗ ನನ್ನ ಆಯ್ಕೆಗೆ ಬರುತ್ತೇನೆ. ಚರ್ಚೆಯಲ್ಲಿ ಯಾರೂ ಹೇಳದ ಹೆಸರು ಅದು: ಗೌಹರ್ ಜಾನ್.

1873ರಲ್ಲಿ ಆಜಂಗಢದಲ್ಲಿ ಹುಟ್ಟಿದ ಹುಡುಗಿ. ಹುಟ್ಟುವಾಗಿನ ಹೆಸರು ಏಂಜಲೀನಾ, ತಂದೆ ಆರ್ಮೇನಿಯನ್ ಮೂಲದವರು. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಆದಳು. ಮಲ್ಕಾ ಜಾನ್ ಗಾಯಕಿ ಮಾತ್ರವಲ್ಲ, ತಮ್ಮ ಉರ್ದು ಕವಿತೆಗಳ ಸಂಕಲನವನ್ನು ಅಚ್ಚು ಹಾಕಿಸಿದ ಕವಯಿತ್ರಿ. ತಾಯಿ ಮಗಳು ಬನಾರಸ್‌ನಿಂದ ಕಲ್ಕತ್ತೆಗೆ ಹೋದರು. ಅಲ್ಲಿ ಗೌಹರ್ ದೊಡ್ಡ ಗಾಯಕಿಯಾದರು.

1902ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯಿಂದ ಫ್ರೆಡ್ ಗೈಸ್‌ಬರ್ಗ್ ಎಂಬವರು ಕಲ್ಕತ್ತೆಗೆ ಬಂದರು. ನಮ್ಮ ದೇಶದ ಹಾಡನ್ನು ತಟ್ಟೆಯ ಮೇಲೆ ಅಚ್ಚು ಮಾಡಿ ನಮ್ಮ ದೇಶದಲ್ಲೇ ಮಾರುವುದು ಅವರ ವ್ಯಾಪಾರ. ಆಗ ಮೈಕ್ ಇರಲಿಲ್ಲ. ಗೋಡೆಯಿಂದ ಹೊರಚಾಚಿದ ಕಹಳೆಯಂಥ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಒಂದು ತಟ್ಟೆಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು 3 ನಿಮಿಷ ಮಾತ್ರ. ನಮ್ಮ ಖಯಾಲ್ ಗಾಯನವೋ ರಾಗವನ್ನು ನಿಧಾನವಾಗಿ ಬಿಡಿಸುತ್ತಾ ಒಂದು ಗಂಟೆ ಸಾಗುವಂಥದ್ದು. ದೊಡ್ಡ ದೊಡ್ಡ ಉಸ್ತಾದರು ಈ ಯಂತ್ರದ ಹತ್ತಿರ ಬರಲು ಹಿಂಜರಿದರು. ಸಮುದ್ರವನ್ನು ಲೋಟದಲ್ಲಿ ತುಂಬುವುದು ಹೇಗೆ?

ಗೌಹರ್ ಜಾನ್ ತುಂಬಿಸಿ ತೋರಿಸಿದರು. ರಾಗದ ಮುಖ್ಯ ರೂಪವನ್ನು ಮೊದಲ ಕೆಲವೇ ಕ್ಷಣಗಳಲ್ಲಿ ಕಾಣಿಸಿ, ಹಾಡನ್ನು ಹಾಡಿ, ಕೊನೆಗೆ ವೇಗದ ತಾನ್‌ಗಳಿಂದ ಮುಗಿಸುವುದು, ಎಲ್ಲವೂ 3 ನಿಮಿಷದೊಳಗೆ. ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಯಾರ ಹಾಡು ಎಂದು ಅಲ್ಲಿಯವರಿಗೆ ತಿಳಿಯಲಿ, ಚೀಟಿ ಸರಿಯಾಗಿ ಅಂಟಲಿ ಎಂಬ ಕಾರಣಕ್ಕೆ. ಮುಂದಿನ ವರ್ಷಗಳಲ್ಲಿ ಅವರು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದರು, ತಟ್ಟೆಗಳ ಸಂಖ್ಯೆ ಸುಮಾರು 600 ಎನ್ನುತ್ತಾರೆ. ಅವರ ಚಿತ್ರ ಪೋಸ್ಟ್‌ಕಾರ್ಡುಗಳ ಮೇಲೆ, ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೂ ಬಂತು. ಬ್ರ್ಯಾಂಡ್ ಎಂಬ ಪಾಠವನ್ನು ನಾವು ಬಿಸಿನೆಸ್ ಸ್ಟಡೀಸ್‌ನಲ್ಲಿ ಓದುತ್ತೇವೆ. ಅವರು ಅದನ್ನು ನೂರು ವರ್ಷಕ್ಕೂ ಹಿಂದೆ ಬದುಕಿ ತೋರಿಸಿದ್ದರು.

ಇಷ್ಟು ಶೋಹರತ್. ಅಸರ್ ಎಲ್ಲಿದೆ? ನಿಮ್ಮ ಫೋನಿನಲ್ಲಿರುವ ಯಾವುದಾದರೂ ಹಾಡು ತೆಗೆದು ಅದರ ಅವಧಿ ನೋಡಿ. ಹೆಚ್ಚಿನವು 3ರಿಂದ 5 ನಿಮಿಷ. ಸಿನಿಮಾ ಬಂದಾಗ ಹಾಡುಗಳು ಇದೇ ತಟ್ಟೆಗಳ ಮೇಲೆ ಮಾರಾಟವಾಗಬೇಕಿತ್ತು, ಅದಕ್ಕೆ ಚಿತ್ರಗೀತೆಯೂ ಅದೇ ಅಳತೆಗೆ ಹೊಲಿಸಿಕೊಂಡಿತು. ತಟ್ಟೆ ಹೋಯಿತು, ಕ್ಯಾಸೆಟ್ ಬಂತು, ಅದೂ ಹೋಯಿತು. ಅಳತೆ ಮಾತ್ರ ಉಳಿಯಿತು. ಗೌಹರ್ ಜಾನ್ ಹೆಸರು ಕೇಳದವರೂ ಅವರು ಕತ್ತರಿಸಿ ತೋರಿಸಿದ ಅಳತೆಯ ಅಂಗಿಯನ್ನೇ ತೊಟ್ಟಿದ್ದಾರೆ. ಮೂರನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ಕರ್ನಾಟಕದಲ್ಲೇ ಇದೆ. ಒಮ್ಮೆ ತಟ್ಟೆಯ ದಾರಿ ತೆರೆದ ಮೇಲೆ ಉಸ್ತಾದರೂ ಆ ದಾರಿಗೆ ಬಂದರು. ಅವರಲ್ಲಿ ಒಬ್ಬರು ಅಬ್ದುಲ್ ಕರೀಂ ಖಾನ್. ಉತ್ತರ ಪ್ರದೇಶದ ಕೈರಾನಾ ಊರಿನವರು, 1872ರಲ್ಲಿ ಹುಟ್ಟಿದವರು. ಆ ಊರಿನ ಹೆಸರಿನಿಂದಲೇ ಅವರ ಪರಂಪರೆಗೆ ಕಿರಾನಾ ಘರಾಣೆ ಎಂಬ ಹೆಸರು. ಅವರು ನೆಲೆಸಿದ್ದು ನಮ್ಮ ಗಡಿಯಾಚೆಯ ಮೀರಜ್‌ನಲ್ಲಿ, ಹಾಡಲು ಬರುತ್ತಿದ್ದದ್ದು ಧಾರವಾಡ, ಮೈಸೂರುಗಳಿಗೆ. ಕುಂದಗೋಳದ ರಾಮಭಾವು ಎಂಬ ಹುಡುಗನನ್ನು ಶಿಷ್ಯನಾಗಿ ಸ್ವೀಕರಿಸಿದರು. ಆ ಹುಡುಗನೇ ಮುಂದೆ ಸವಾಯಿ ಗಂಧರ್ವರಾದರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ.

ಇದು ಗುರುವಿನಿಂದ ಶಿಷ್ಯನಿಗೆ ಇಳಿದ ಅಸರ್. ಅದರ ಪಕ್ಕದಲ್ಲೇ ತಟ್ಟೆಯ ಅಸರ್ ಕೂಡ ಕೆಲಸ ಮಾಡಿದೆ. ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯನ್ನು ಕೇಳಿದ್ದು ರೆಕಾರ್ಡಿನಲ್ಲಿ. ಹಾಗೆ ಹಾಡಬೇಕೆಂಬ ಹುಚ್ಚು ಹಿಡಿದು, 1933ರಲ್ಲಿ, ಇನ್ನೂ 11 ವರ್ಷದವರಿದ್ದಾಗ, ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ಹೊರಟರು. ಆ ಹುಡುಗನಿಗೆ ಮುಂದೆ ಭಾರತರತ್ನ ಬಂತು. ಗಂಗೂಬಾಯಿಯವರೂ ಬಾಲ್ಯದಲ್ಲಿ ಬೀದಿಯಲ್ಲಿ ಗ್ರಾಮಫೋನ್ ಸದ್ದು ಕೇಳಿದರೆ ಓಡಿಹೋಗಿ ನಿಂತು ಕೇಳುತ್ತಿದ್ದರು, ಮನೆಗೆ ಬಂದು ಹಾಗೆಯೇ ಹಾಡಲು ಪ್ರಯತ್ನಿಸುತ್ತಿದ್ದರು. ಬಳಿಕ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತರು. ಗುರುವಿನ ಮನೆಯ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ. ಬೀದಿಯ ಗ್ರಾಮಫೋನ್ ಮಾತ್ರ ಯಾರ ಜಾತಿ, ಯಾರ ಮಗಳು ಎಂದು ಕೇಳುತ್ತಿರಲಿಲ್ಲ.

ನನ್ನ ಆಯ್ಕೆಯನ್ನು ಗೆಳೆಯರ ಮುಂದೆ ಹೇಳಿದಾಗ ಬಂದ ಆಕ್ಷೇಪಗಳಿಗೆ ಇಲ್ಲಿ ಉತ್ತರ ಕೊಡಬೇಕು.

ಮೊದಲ ಆಕ್ಷೇಪ: "ಅದು ಯಂತ್ರ ಮಾಡಿದ ಕೆಲಸ, ಅವರು ಹಾಡದಿದ್ದರೆ ಇನ್ನೊಬ್ಬರು ಹಾಡುತ್ತಿದ್ದರು." ಇದರಲ್ಲಿ ಸ್ವಲ್ಪ ನಿಜವಿದೆ. ಅದೇ ವಾರ ಕಲ್ಕತ್ತೆಯಲ್ಲಿ ಬೇರೆ ಗಾಯಕಿಯರೂ ಆ ಕೊಳವೆಗೆ ಹಾಡಿದ್ದರು. ಹಾಗಾಗಿ "ಮೊದಲಿಗರು" ಎಂಬ ಕಾರಣಕ್ಕೆ ನಾನು ಗೌಹರ್ ಜಾನ್ ಹೆಸರು ಹೇಳುತ್ತಿಲ್ಲ. ಮೊದಲು ಅಂಗಡಿ ತೆರೆದವನೇ ಬಜಾರನ್ನು ಕಟ್ಟಿದವನು ಎಂದು ಹೇಳಲಾಗದು. ಜನ ದುಡ್ಡು ಕೊಟ್ಟು ಕೊಳ್ಳುವಂತೆ, ಉಳಿದ ಕಲಾವಿದರು "ಹೀಗೂ ಹಾಡಬಹುದು" ಎಂದು ಒಪ್ಪುವಂತೆ ಮಾಡಿದ್ದು ಅವರು. ಯಂತ್ರ ವಿದೇಶದಿಂದ ಬಂತು, ಅದಕ್ಕೆ ಹೊಂದುವ ಹಾಡು ವಿದೇಶದಿಂದ ಬರಲಿಲ್ಲ. ಯಂತ್ರ ಬೇರೆಯಾಗಿದ್ದರೆ ಹಾಡೂ ಬೇರೆಯಾಗುತ್ತಿತ್ತು ಎಂಬುದಕ್ಕೆ ಈಜಿಪ್ಟಿನ ಉಮ್ಮು ಕುಲ್ಸೂಮ್ ಸಾಕ್ಷಿ. ಹಳ್ಳಿಯ ಇಮಾಮರೊಬ್ಬರ ಮಗಳಾದ ಅವರು ಪ್ರತಿ ತಿಂಗಳ ಮೊದಲ ಗುರುವಾರ ರೇಡಿಯೋಗೆ ಹಾಡುತ್ತಿದ್ದರು. ರೇಡಿಯೋಗೆ 3 ನಿಮಿಷದ ಮಿತಿ ಇರಲಿಲ್ಲ, ಅವರ ಒಂದೊಂದು ಹಾಡು ಒಂದು ಗಂಟೆಯನ್ನೂ ಮುಟ್ಟುತ್ತಿತ್ತು. ಅರಬ್ ನಾಡುಗಳಲ್ಲಿ ಇಂದಿಗೂ ಗಾಯಕಿಯರನ್ನು ಅಳೆಯುವುದು ಅವರ ಜೊತೆಗಿಟ್ಟೇ. ಯಂತ್ರ ಸಿಗುವುದು ಎಲ್ಲರಿಗೂ, ಅದರಿಂದ ಒಂದು ಕಲೆ ಮಾಡುವುದು ಕೆಲವರಿಗೆ ಮಾತ್ರ.

ಎರಡನೆಯ ಆಕ್ಷೇಪ: "ಇಂದು ಅವರನ್ನು ಯಾರು ಕೇಳುತ್ತಾರೆ?" ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಗುಡ್‌ವಿಲ್ ಎಂಬ ಪಾಠವಿದೆ. ಅದು ಕಣ್ಣಿಗೆ ಕಾಣದ ಆಸ್ತಿ. ಗೋಡೌನಿಗೆ ಹೋಗಿ ಎಣಿಸಿದರೆ ಸಿಗುವುದಿಲ್ಲ. ಹೊಸ ಪಾಲುದಾರ ಬಂದು ಸಿದ್ಧವಾದ ವ್ಯಾಪಾರದಲ್ಲಿ ಪಾಲು ಕೇಳಿದಾಗ ಅದರ ಬೆಲೆ ಕಟ್ಟಬೇಕಾಗುತ್ತದೆ. ಸಂಗೀತದಲ್ಲೂ ಹಾಗೆ. ಇಂದಿನ ಗಾಯಕರು ಸಿದ್ಧವಾದ ವ್ಯಾಪಾರಕ್ಕೆ ಬಂದ ಹೊಸ ಪಾಲುದಾರರು. ವ್ಯೂಸ್ ಎನ್ನುವುದು ಈ ವರ್ಷದ ಮಾರಾಟದ ಲೆಕ್ಕ. ಅದು ಜನಸಂಖ್ಯೆ, ಡೇಟಾ ಬೆಲೆ, ಕಂಪನಿಯ ಜಾಹೀರಾತು ಎಲ್ಲದರ ಮೇಲೆ ನಿಂತಿದೆ. 1902ರಲ್ಲಿ ಫೋನೇ ಇಲ್ಲದವರನ್ನು ಅದರಿಂದ ಅಳೆಯುವುದು ನ್ಯಾಯವಲ್ಲ.

ಮೂರನೆಯ ಆಕ್ಷೇಪವನ್ನು ಹೆಚ್ಚಿನವರು ಮೆಲ್ಲನೆ ಹೇಳುತ್ತಾರೆ: "ಅವರು ತವಾಯಿಫ್ ಅಲ್ಲವೇ?" ಹೌದು. ಹಾಡು, ನೃತ್ಯ, ಉರ್ದು ಕಾವ್ಯ ಎಲ್ಲವನ್ನೂ ವರ್ಷಗಟ್ಟಲೆ ಕಲಿತು ಮೆಹಫಿಲ್‌ಗಳಲ್ಲಿ ಹಾಡುತ್ತಿದ್ದ ಹೆಂಗಸರನ್ನು ಹಾಗೆ ಕರೆಯುತ್ತಿದ್ದರು. "ಮರ್ಯಾದಸ್ಥ" ಮನೆಗಳ ಹೆಂಗಸರು ಹೊರಗೆ ಹಾಡಬಾರದು ಎಂದಿದ್ದ ಕಾಲದಲ್ಲಿ ಇವರೇ ಮೊದಲು ಹಾಡಿದರು. ಮುಂದೆ ಸಂಗೀತಕ್ಕೆ ಗೌರವ ಬಂತು, ಸಭಾಂಗಣ ಬಂತು, ಪದವಿ ಬಂತು. ಆಗ ಇವರ ಹೆಸರನ್ನು ಮಾತ್ರ ಹೊರಗಿಟ್ಟರು. ಗಂಗೂಬಾಯಿ ಹಾನಗಲ್ ಅವರು ಕೂಡ ಹಾಡುವ ಹೆಣ್ಣು ಎಂಬ ಕುಹಕ ಕೇಳಿಕೊಂಡೇ ಬೆಳೆದವರು. ಅವರಿಗೆ ಪದ್ಮವಿಭೂಷಣ ಬಂದಾಗ ಎಲ್ಲರೂ ನಮ್ಮವರು ಎಂದರು. ಹಾಡನ್ನು ತೆಗೆದುಕೊಂಡು ಹಾಡಿದವಳನ್ನು ಬಾಗಿಲ ಹೊರಗೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಚರ್ಚೆಯಲ್ಲಿ ಬಂದ ಹೆಸರುಗಳನ್ನು ಎಣಿಸಿ ನೋಡಿ, ಒಬ್ಬ ಹೆಣ್ಣಿನ ಹೆಸರೂ ಇರಲಿಲ್ಲ. ಹೀಗೆ ಹೊರಗೆ ನಿಲ್ಲಿಸಿದ ಪಟ್ಟಿಯನ್ನೇ ನಾವು ಕಲಿತು ಬಂದಿದ್ದೇವೆ.

ನಾಲ್ಕನೆಯದು ಕೆಲವು ಹಿರಿಯರಿಂದ ಬಂದದ್ದು: ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಸಂಗೀತದ ಮಾತು ಬೇಕೇ? ಸಂಗೀತದ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವುದು 17 ವರ್ಷದ ವಿದ್ಯಾರ್ಥಿಯ ಕೆಲಸವಲ್ಲ, ಕೇಳದೆ ಇರುವವರನ್ನು ನಾನು ಗೌರವಿಸುತ್ತೇನೆ. ಆದರೆ ನಾನು ಬರೆಯುತ್ತಿರುವುದು ಇತಿಹಾಸ. ಕರ್ನಾಟಕದ ಹೆಮ್ಮೆ ಎಂದು ನಾವೆಲ್ಲ ಪಾಠದಲ್ಲಿ ಓದುವ ಹಿಂದೂಸ್ತಾನಿ ಸಂಗೀತದ ಬೇರು ಹುಡುಕಿದರೆ ಕೈರಾನಾದ ಒಬ್ಬ ಖಾನ್ ಸಾಹೇಬರು, ಕುಂದಗೋಳದ ಒಬ್ಬ ರಾಮಭಾವು ಒಟ್ಟಿಗೆ ಸಿಗುತ್ತಾರೆ. ಜೋಶಿ, ಹಾನಗಲ್ ಎಂಬ ಹೆಸರುಗಳು ನಮಗೆ ಗೊತ್ತು, ಅವರ ಗುರುವಿನ ಗುರು ಗೊತ್ತಿಲ್ಲ. ಮನೆಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ ಮಾತಾಡುವ ನಮ್ಮಂಥವರಿಗೆ ಇದು ಗೊತ್ತಿರಬೇಕು. "ನೀವು ಎಲ್ಲಿಂದ ಬಂದವರು" ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಲು ಮಾತ್ರವಲ್ಲ, ಯಾರ ಋಣ ಯಾರ ಮೇಲಿದೆ ಎಂದು ಎರಡೂ ಕಡೆಯವರಿಗೆ ತಿಳಿದಿರಲಿ ಎಂದು. ಲೆಡ್ಜರ್‌ನಲ್ಲಿ ಒಂದೇ ಕಡೆ ಬರೆದರೆ ಲೆಕ್ಕ ತಾಳೆಯಾಗುವುದಿಲ್ಲ.

ಗೌಹರ್ ಜಾನ್ ಕತೆ ಕೊನೆಯಾದದ್ದೂ ನಮ್ಮ ರಾಜ್ಯದಲ್ಲೇ. ದೊಡ್ಡ ಗಳಿಕೆ ಕೋರ್ಟು ಕಚೇರಿ, ನಂಬಿದವರ ಮೋಸಗಳಲ್ಲಿ ಕರಗಿಹೋದ ಮೇಲೆ, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಮೈಸೂರಿಗೆ ಕರೆಸಿಕೊಂಡು ಆಸ್ಥಾನದಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳ ಕೊಟ್ಟರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ಪ್ರತಿ ವರ್ಷ ನಮ್ಮ ಕಾಲೇಜಿನ ಪ್ರವಾಸ ಮೈಸೂರಿಗೆ ಹೋಗುತ್ತದೆ. ಅರಮನೆ, ಮೃಗಾಲಯ, ಕೆಆರ್‌ಎಸ್ ನೋಡಿ ಬರುತ್ತೇವೆ. ಈ ಹೆಸರನ್ನು ಯಾರೂ ನಮಗೆ ಹೇಳಿಲ್ಲ.

ಕೊನೆಯದಾಗಿ ವಿದ್ಯಾರ್ಥಿ ಸಂಘಕ್ಕೆ ಮತ್ತು ನಮ್ಮ ಅಧ್ಯಾಪಕರಿಗೆ ಎರಡು ವಿನಂತಿ. ಇಂಥ ವಿಷಯ ಮತ್ತೆ ಚರ್ಚೆಗೆ ಇಟ್ಟರೆ, ಹೆಸರು ಹೇಳುವ ಪ್ರತಿಯೊಬ್ಬರೂ "ಇವರಿಗೆ ಮೊದಲು ಹೇಗಿತ್ತು, ಇವರ ನಂತರ ಹೇಗಾಯಿತು" ಎಂದು ಕಡ್ಡಾಯವಾಗಿ ಹೇಳಬೇಕು ಎಂಬ ನಿಯಮ ಮಾಡಿ. ಚಪ್ಪಾಳೆ ಕಡಿಮೆಯಾಗಬಹುದು, ಕಲಿಯುವುದು ಹೆಚ್ಚಾಗುತ್ತದೆ. ಮತ್ತು ಈ ವರ್ಷದ ಮೈಸೂರು ಪ್ರವಾಸದಲ್ಲಿ, ಬಸ್ಸಿನಲ್ಲಿ ಮೈಕ್ ಕೈಗೆ ಸಿಕ್ಕಾಗ, 3 ನಿಮಿಷ ಗೌಹರ್ ಜಾನ್ ಬಗ್ಗೆ ಮಾತಾಡಲು ಅವಕಾಶ ಕೊಡಿ. 3 ನಿಮಿಷಕ್ಕಿಂತ ಹೆಚ್ಚು ಕೇಳುವುದಿಲ್ಲ.

ನನ್ನ ಆಯ್ಕೆಯನ್ನು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ, ನಾನು ಖಂಡಿತ ಓದುತ್ತೇನೆ. ಆದರೆ ನಿಮ್ಮ ಗಾಯಕನಿಗೆ ಎಷ್ಟು ಕೋಟಿ ವ್ಯೂಸ್ ಎಂದು ಬರೆಯಬೇಡಿ. ಅವನನ್ನು ಕೇಳಿದ ಮೇಲೆ ಯಾರು ಹೇಗೆ ಬದಲಾದರು ಎಂದು ಬರೆಯಿರಿ.